ಮುಕ್ತಕ ರಚನೆಯೂ ಗದ್ಯದ ನಡೆಯೂ: ಡಿ. ವಿ. ಗುಂಡಪ್ಪನವರ ಬರಹವನ್ನು ಕುರಿತು

ಗದ್ಯವೇ ಕವಿಗಳಿಗೆ ಒರೆಗಲ್ಲು ಎಂಬ ಉಕ್ತಿಯನ್ನು ವಾಮನನು ತನ್ನ ಕಾವ್ಯಾಲಂಕಾರಸೂತ್ರವೃತ್ತಿಯಲ್ಲಿ ಎತ್ತಿ ಹೇಳುವ ವೇಳೆಗಾಗಲೇ ಅದು ಹಳೆಯ ಮಾತಾಗಿತ್ತು. ಅಲ್ಲಿ ಉದ್ದಿಷ್ಟವಾದುದು ಕಾವ್ಯಗದ್ಯ. ಬಾಣನಂಥವರು ಬರೆದ ಗದ್ಯ. ಕವಿಯಾದವನು ಪತ್ರ ಬರೆಯುವಾಗ, ಟೀಕೆ ಬರೆಯುವಾಗ, ಕಂಡವರ ಕೇಳಿದವರ ವಿಷಯವಾಗಿ ನಾಲ್ಕು ಮಾತು ದಾಖಲಿಸುವಾಗ ಬಳಸುವ ನಿತ್ಯದ ಗದ್ಯಕ್ಕೂ ಅವನ ಪದ್ಯರಚನೆಗೂ ಇರುವ ಸಂಬಂಧವೇನು ಎಂಬುದನ್ನು ಆಲಂಕಾರಿಕರು ಕೇಳಲಿಲ್ಲ. ಕೇಳುವುದಕ್ಕೆ ಅವರಿಗೆ ಕಾರಣವೂ ಇರಲಿಲ್ಲ. ಗ್ರಂಥಸಂಪಾದನೆಯ ಕೆಲಸದಲ್ಲಿ ತೊಡಗಿರುವವರಿಗೆ ಮಾತ್ರ ಈ ಪ್ರಶ್ನೆ ಪ್ರಯೋಜನವುಳ್ಳದ್ದು. ಯಾವ ವಾಕ್ಯ ಎಲ್ಲಿ ನಿಲ್ಲುತ್ತದೆ, ಯಾವ ಮಾತು ಯಾವ ಮಾತಿಗೆ ಸೇರಿದ್ದು ಎಂಬುದನ್ನು ಓಲೆಯ ಮೇಲೆ ನಿರ್ಣಯಿಸಬೇಕಾದವರು ಅವರು.

ಪ್ರಾಚೀನರಲ್ಲಿ ಒಬ್ಬನೇ ಬರೆದ ಬಿಡಿಪದ್ಯವೂ ನಿತ್ಯಗದ್ಯವೂ ಒಟ್ಟಿಗೆ ಉಳಿದು ಬಂದಿರುವುದು ವಿರಳ. ಪ್ರತಿಗಳ ಕೊನೆಯ ಓಲೆಯಲ್ಲಿ ಲಿಪಿಕಾರನ ಪದ್ಯವೊಂದು ಇರುತ್ತದೆ; ಬೆನ್ನು ಸೊಂಟ ಕೊರಳು ಮುರಿದು ಬರೆದದ್ದು, ಎಣ್ಣೆ ನೀರುಗಳಿಂದ ಕಾಪಾಡಿರಿ ಎಂಬ ಪ್ರಸಿದ್ಧ ಪ್ರಾರ್ಥನೆ. ಅದರ ಪಕ್ಕದಲ್ಲಿಯೇ ಸಂವತ್ಸರ ಮಾಸ ತಿಥಿ, ಬರೆಯಿಸಿದವರ ಹೆಸರು, ಶಾಸ್ತ್ರದಾನದ ಉದ್ದೇಶ ಇವೆಲ್ಲ ಆಡುಮಾತಿನ ಗದ್ಯದಲ್ಲಿ ಇರುತ್ತವೆ. ನೋಡುವುದಕ್ಕೆ ಇದು ಒಳ್ಳೆಯ ಸಾಕ್ಷಿಯಂತೆ ಕಾಣುತ್ತದೆ. ಆದರೆ ಆ ಪದ್ಯ ಪರಂಪರೆಯಿಂದ ಬಂದದ್ದು, ಲಿಪಿಕಾರನು ಕಟ್ಟಿದ್ದಲ್ಲ. ನಕಲು ಮಾಡಿದ ಪದ್ಯ ಕೈಯನ್ನು ತಿದ್ದುವುದಿಲ್ಲ.

ವಡ್ಡಾರಾಧನೆಯ ಸಾಕ್ಷ್ಯವೂ ಇಂಥದೇ, ಆದರೆ ಹೆಚ್ಚು ಬೆಲೆಯುಳ್ಳದ್ದು. ಅದರ ೧೯ ಕಥೆಗಳಲ್ಲಿ ಪ್ರತಿಯೊಂದೂ ಭಗವತೀ ಆರಾಧನೆಯ ಕವಚಾಧಿಕಾರಕ್ಕೆ ಸೇರಿದ ಒಂದು ಪ್ರಾಕೃತ ಗಾಹೆಯನ್ನು ತಲೆಯಲ್ಲಿ ಹೊತ್ತು ಹೊರಡುತ್ತದೆ. ಗ್ರಂಥಕರ್ತನನ್ನು ಶಿವಕೋಟ್ಯಾಚಾರ್ಯನೆಂದು ಕರೆದರೂ, ಭ್ರಾಜಿಷ್ಣುವೆಂದು ಕರೆದರೂ ಈ ರಚನಾಕ್ರಮ ಬದಲಾಗದು. ಗಾಹೆಯಲ್ಲಿ ಇರುವುದು ೫೭ ಮಾತ್ರೆ. ಅಷ್ಟರಲ್ಲಿ ಉಪಸರ್ಗವನ್ನು ಸಹಿಸಿದ ಒಬ್ಬ ಮಹಾಪುರುಷನ ಹೆಸರೂ ಅವನ ಆರಾಧನೆಯ ಸಾರವೂ ಮುಗಿದುಹೋಗುತ್ತವೆ. ಕೆಳಗಿನ ಗದ್ಯವಾದರೋ ಸುಕುಮಾರಸ್ವಾಮಿಯ ಕಥೆಯೊಂದನ್ನೇ ಎಷ್ಟೋ ಭವಗಳಲ್ಲಿ ಸುತ್ತಾಡಿಸುತ್ತದೆ. ಕೃದಂತದ ಮೇಲೆ ಕೃದಂತವಿಟ್ಟು, ಕ್ರಿಯಾಪದವನ್ನು ದೂರ ತಳ್ಳುತ್ತ ಹೋಗುವ ಆ ವಾಕ್ಯಗಳ ಸೊಗಸು ಯಾರಿಗೂ ತಿಳಿಯದ್ದಲ್ಲ. ಗಾಹೆಯ ಬಿಗಿ ಅದರಲ್ಲಿ ಇಲ್ಲ. ಇರಬೇಕಾದ ಅಗತ್ಯವೂ ಇಲ್ಲ. ಗಾಹೆ ಗ್ರಂಥಕರ್ತನಿಗೆ ಬಂದ ಸೊತ್ತು. ಅವನು ಅದನ್ನು ಬಿಡಿಸಿದವನು, ಹೆಣೆದವನಲ್ಲ. ಚಿಕ್ಕ ಪದ್ಯವನ್ನು ಓದುವುದರಿಂದ ಗದ್ಯ ವಿಸ್ತಾರವಾಗಬಹುದು; ಚಿಕ್ಕ ಪದ್ಯವನ್ನು ಬರೆಯುವುದರಿಂದ ಆಗುವ ಪರಿಣಾಮ ಬೇರೆ.

ಹಾಗೆಂದು ಪದ್ಯ ಬರೆದವರ ಗದ್ಯವೆಲ್ಲ ಬಿಗಿಯಾಗಿರುತ್ತದೆಯೇ? ಕ್ರಿ. ಶ. ೯೪೧ರ ಆದಿಪುರಾಣದಲ್ಲಿ ಪಂಪನ ವಚನಭಾಗಗಳು ಹಲವು ಕಡೆ ಪದ್ಯಕ್ಕಿಂತ ದೀರ್ಘಸಮಾಸಯುಕ್ತವಾಗಿವೆ. ಓಲೆಯಲ್ಲಿ ಕಂದವೂ ವೃತ್ತವೂ ವಚನವೂ ಒಂದೇ ಸಾಲಾಗಿ ಹರಿಯುತ್ತವೆ. ನಡುವೆ ಇರುವುದು ಒಂದು ಅಕ್ಷರದ ಗುರುತು, ಎರಡು ಗೀಟು, ಅಷ್ಟೆ. ಕಣ್ಣಿಗೆ ಒಂದಾಗಿ ಕಾಣುವ ಇವು ಕಿವಿಗೆ ಬೇರೆ. ಪ್ರಬಂಧದೊಳಗಿನ ಕಂದಕ್ಕೆ ಮುಂದಿನ ಪದ್ಯದ ಆಸರೆ ಇರುತ್ತದೆ. ಅರ್ಥ ಅರ್ಧಕ್ಕೆ ನಿಂತರೂ ವಚನ ಬಂದು ಎತ್ತಿಕೊಳ್ಳುತ್ತದೆ. ಮುಕ್ತಕಕ್ಕೆ ಆ ಭಾಗ್ಯವಿಲ್ಲ. ಅಮರುಕನ ಒಂದೊಂದು ಮುಕ್ತಕವೂ ಪ್ರಬಂಧದಷ್ಟು ರಸವನ್ನು ಹೊರಬಲ್ಲದೆಂದು ಆನಂದವರ್ಧನನು ಒಪ್ಪಿದ್ದು ಈ ಕಾರಣದಿಂದಲೇ. ಆದ್ದರಿಂದ ಇಲ್ಲಿ ವಿಚಾರಿಸಬೇಕಾದದ್ದು ಪದ್ಯರಚನೆಯ ಪರಿಣಾಮವನ್ನಲ್ಲ, ಒಂಟಿಯಾಗಿ ನಿಲ್ಲಬೇಕಾದ ಚಿಕ್ಕ ಪದ್ಯದ ಪರಿಣಾಮವನ್ನು.

ಹಳಬರಲ್ಲಿ ಇದಕ್ಕೆ ಸರಿಯಾದ ಉದಾಹರಣೆ ಕೇಶಿರಾಜ. ಶಬ್ದಮಣಿದರ್ಪಣದ ಸೂತ್ರಗಳೆಲ್ಲ ಕಂದಪದ್ಯಗಳು. ಅವುಗಳ ಕೆಳಗಣ ವೃತ್ತಿ ಅವನದೇ ಗದ್ಯ. ಅವನು ಹೊಯ್ಸಳ ಸೋಮೇಶ್ವರನ ಕಾಲದಲ್ಲಿ ಸೂಕ್ತಿಸುಧಾರ್ಣವವನ್ನು ಸಂಕಲಿಸಿದ ಮಲ್ಲಿಕಾರ್ಜುನನ ಮಗ. ತಂದೆ ಮಾಡಿದ ಕೆಲಸವೇನು? ಚಂಪೂಗಳೊಳಗಿನ ಪದ್ಯಗಳನ್ನು ಬಿಡಿಸಿ ತೆಗೆದು, ಒಂಟಿಯಾಗಿ ನಿಲ್ಲಿಸಿ, ವಿಷಯಕ್ಕನುಗುಣವಾಗಿ ಜೋಡಿಸಿದ್ದು. ಎಂದರೆ ಪ್ರಬಂಧದ ಪದ್ಯವನ್ನು ಮುಕ್ತಕವಾಗಿ ಮಾಡಿದ್ದು. ಅಂಥ ಮನೆಯಲ್ಲಿ ಬೆಳೆದ ಕಿವಿ ಕೇಶಿರಾಜನದು. ಅವನ ವೃತ್ತಿಗದ್ಯದಲ್ಲಿ ಒಂದು ಮಾತು ಹೆಚ್ಚಿಲ್ಲ. ಸೂತ್ರದ ಅನ್ವಯವನ್ನು ಬಿಡಿಸಿಟ್ಟು, ಪ್ರಯೋಗಕ್ಕೆ ದಾರಿ ಬಿಟ್ಟು ಅದು ಸರಿಯುತ್ತದೆ. ೧೬೦೪ರ ಭಟ್ಟಾಕಳಂಕದೇವನ ಶಬ್ದಾನುಶಾಸನದ ಸಂಸ್ಕೃತ ಸೂತ್ರಗಳು ಗದ್ಯದಲ್ಲಿಯೇ ಇವೆ, ಕೇಶಿರಾಜನ ಕಂದಗಳಿಗಿಂತ ಚಿಕ್ಕವೂ ಆಗಿವೆ. ಆದರೂ ಅವುಗಳ ಮೇಲೆ ಭಾಷಾಮಂಜರಿ, ಮಂಜರೀಮಕರಂದಗಳು ಬೆಳೆದು ನಿಂತವು. ಪಾಂಡಿತ್ಯದಲ್ಲಿ ಭಟ್ಟಾಕಳಂಕನು ಕಡಮೆಯವನೆಂದು ಯಾರೂ ಹೇಳರು. ಸೂತ್ರದ ಸಂಕ್ಷೇಪ ಒಂದು ಶಾಸ್ತ್ರಮರ್ಯಾದೆ. ಅದು ವ್ಯಾಖ್ಯಾನವನ್ನು ಬೇಡುತ್ತದೆ. ಕಂದದ ಸಂಕ್ಷೇಪ ಕಿವಿಯ ಶಿಸ್ತು. ಅದು ಬರೆಯುವವನ ಗದ್ಯಕ್ಕೂ ಅಂಟಿಕೊಳ್ಳುತ್ತದೆ.

ಶಾಸ್ತ್ರಗದ್ಯದಲ್ಲಿ ಕಂಡದ್ದನ್ನು ನಿತ್ಯಗದ್ಯದಲ್ಲಿ ಪರೀಕ್ಷಿಸಬೇಕಾದರೆ ನಮ್ಮ ಕಾಲಕ್ಕೆ ಸಮೀಪದವರ ಬಳಿಗೆ ಬರಬೇಕಾಗುತ್ತದೆ. ಅದಕ್ಕೆ ಕೋಲಾರ ಸೀಮೆಯನ್ನು ಆರಿಸಿಕೊಳ್ಳುವುದರಲ್ಲಿ ಔಚಿತ್ಯವಿದೆ. ಗಂಗರು ತಲಕಾಡಿಗೆ ಹೋದ ಮೇಲೂ ಬಿರುದಾವಳಿಯಲ್ಲಿ ಬಿಡದೆ ಹೊತ್ತ ಕುವಲಾಲಪುರ ಇದೇ ಕೋಲಾರ. ಕವಿರಾಜಮಾರ್ಗವು ಹೆಸರಿಸುವ ಕನ್ನಡ ಗದ್ಯಕಾರರಲ್ಲಿ ಒಬ್ಬನಾದ ದುರ್ವಿನೀತನನ್ನು ಗಂಗರಾಜನೆಂದೇ ಅನೇಕ ವಿದ್ವಾಂಸರು ಗುರುತಿಸಿದ್ದಾರೆ. ೯೭೮ರಲ್ಲಿ ಇಪ್ಪತ್ತನಾಲ್ವರು ತೀರ್ಥಂಕರರ ಪುರಾಣವನ್ನು ಗದ್ಯದಲ್ಲಿ ಬರೆದ ಚಾವುಂಡರಾಯನು ಅದೇ ಗಂಗರ ಮಂತ್ರಿ. ಹೋಳೂರಿನ ಸುತ್ತಿನ ಕೆರೆಗಳ ನಾಡಿನಿಂದ ಮುಳಬಾಗಿಲು, ಮಾಲೂರು, ಶ್ರೀನಿವಾಸಪುರಗಳವರೆಗೆ ಹಬ್ಬಿದ ಈ ಪ್ರದೇಶದ ಮಾತಿನಲ್ಲಿ ಕನ್ನಡದ ಪಕ್ಕದಲ್ಲಿಯೇ ತೆಲುಗು ನಡೆಯುತ್ತದೆ. ವೇಮನನ ಪದ್ಯ ಇಲ್ಲಿ ಪರಭಾಷೆಯದಲ್ಲ. ಡಿ. ವಿ. ಗುಂಡಪ್ಪನವರು ೧೮೮೭ರ ಮಾರ್ಚ್ ೧೭ರಂದು ಹುಟ್ಟಿದ್ದು ಮುಳಬಾಗಿಲಿನಲ್ಲಿ. ೧೯೭೫ರ ಅಕ್ಟೋಬರ್ ೭ರಂದು ತೀರಿಕೊಳ್ಳುವವರೆಗೆ ಅವರು ಬರೆದದ್ದರಲ್ಲಿ ಪದ್ಯಕ್ಕಿಂತ ಗದ್ಯವೇ ಹೆಚ್ಚು. ಜನ ಬಾಯಲ್ಲಿ ಇಟ್ಟುಕೊಂಡಿರುವುದು ಮಾತ್ರ ೧೯೪೩ರಲ್ಲಿ ಅಚ್ಚಾದ ಮಂಕುತಿಮ್ಮನ ಕಗ್ಗದ ೯೪೫ ಪದ್ಯಗಳನ್ನು.

ಕಗ್ಗದ ತತ್ತ್ವವನ್ನು ಕುರಿತು ಬೇಕಾದಷ್ಟು ವ್ಯಾಖ್ಯಾನಗಳು ಬಂದಿವೆ. ಅದರ ಕಟ್ಟಡವನ್ನು ಕುರಿತು ಬಂದಿರುವುದು ಸ್ವಲ್ಪ. ಛಂದಸ್ಸಿನ ದೃಷ್ಟಿಯಿಂದ ನೋಡಿದರೆ ಅದು ನಾಲ್ಕು ಪಾದದ, ಆದಿಪ್ರಾಸವುಳ್ಳ, ಐದು ಮಾತ್ರೆಯ ಗಣಗಳ ಪದ್ಯ. ಒಂದನೆಯ ಮೂರನೆಯ ಪಾದಗಳಲ್ಲಿ ಇಪ್ಪತ್ತಿಪ್ಪತ್ತು ಮಾತ್ರೆ. ಎರಡನೆಯದು ಕೊನೆಯಲ್ಲಿ ತುಸು ಮೊಟಕಾಗಿ ಸಾಮಾನ್ಯವಾಗಿ ಹದಿನೆಂಟಕ್ಕೆ ನಿಲ್ಲುತ್ತದೆ. ನಾಲ್ಕನೆಯ ಪಾದದಲ್ಲಿ ಎರಡು ಗಣ ಮುಗಿಯುತ್ತಲೇ ಮಂಕುತಿಮ್ಮನೆಂಬ ಸಂಬೋಧನೆ ಬಂದು ಕೂರುತ್ತದೆ. ಎಂದರೆ ಪದ್ಯದ ತೀರ್ಮಾನಕ್ಕೆ ಉಳಿಯುವುದು ಹತ್ತೇ ಮಾತ್ರೆ. ಅಂಕಿತವನ್ನು ಬಿಟ್ಟು ಲೆಕ್ಕ ಹಾಕಿದರೆ ಕವಿಗೆ ಸಿಕ್ಕುವ ಅವಕಾಶ ಸುಮಾರು ೬೮ ಮಾತ್ರೆ. ಕಂದಪದ್ಯದ ಒಟ್ಟು ಮಾತ್ರೆ ೬೪. ಹೊಸಗನ್ನಡದ ಈ ಮುಕ್ತಕ ಹಳಗನ್ನಡದ ಕಂದದ ಅಳತೆಗೇ ಹೆಚ್ಚುಕಡಮೆ ಬಂದು ನಿಂತದ್ದು ಆಕಸ್ಮಿಕವಿರಬಹುದು. ಆದರೂ ಒಂದು ವಿಚಾರವನ್ನು ಹೊತ್ತು ಒಂಟಿಯಾಗಿ ನಿಲ್ಲುವ ಕನ್ನಡ ಪದ್ಯಕ್ಕೆ ಬೇಕಾದ ಮೈ ಇಷ್ಟು ಎಂಬುದಕ್ಕೆ ಎರಡು ಬೇರೆ ಬೇರೆ ದಾರಿಯ ಸಾಕ್ಷ್ಯ ಒಂದೇ ಕಡೆ ಕೂಡುವುದನ್ನು ಗಮನಿಸದೆ ಬಿಡಲಾಗದು.

ಕೊನೆಯ ಸಂಬೋಧನೆ ಜೈನ ವಿದ್ವಾಂಸರಿಗೆ ಹೊಸದಲ್ಲ. ರತ್ನಾಕರವರ್ಣಿಯ ರತ್ನಾಕರಶತಕದ ಪದ್ಯಗಳು ಜಿನನನ್ನು ರತ್ನಾಕರಾಧೀಶ್ವರನೆಂದು ಕರೆದು ಮುಗಿಯುತ್ತವೆ. ಆ ಸಂಬೋಧನೆಯ ಏಳು ಅಕ್ಷರಗಳ ಗುರುಲಘುಗಳನ್ನು ಎಣಿಸಿದರೆ ಗುರು, ಗುರು, ಲಘು, ಗುರು, ಗುರು, ಲಘು, ಗುರು ಎಂದಾಗುತ್ತದೆ. ಶಾರ್ದೂಲವಿಕ್ರೀಡಿತದಲ್ಲಿ ಹನ್ನೆರಡನೆಯ ಅಕ್ಷರದ ಯತಿಯಾದ ಮೇಲೆ ಉಳಿಯುವ ಭಾಗ ಸರಿಯಾಗಿ ಇಷ್ಟೇ. ಮತ್ತೇಭವಿಕ್ರೀಡಿತದ ಕೊನೆಯ ಏಳಕ್ಷರವೂ ಇದೇ. ರತ್ನಾಕರನು ಅಂಕಿತವನ್ನು ಯತಿಸ್ಥಾನಕ್ಕೆ ಅಳೆದು ಹೊಂದಿಸಿದ್ದಾನೆ. ವೇಮನನಾದರೋ ಆಟವೆಲದಿಯ ನಾಲ್ಕನೆಯ ಪಾದವನ್ನು ಪೂರ್ತಿ ಮಕುಟಕ್ಕೆ ಬಿಟ್ಟುಕೊಟ್ಟು, ಮೂರು ಪಾದಗಳಲ್ಲಿಯೇ ಹೇಳಬೇಕಾದ್ದನ್ನು ಮುಗಿಸುತ್ತಾನೆ. ಗುಂಡಪ್ಪನವರದು ಇವೆರಡರ ನಡುವಿನ ಹಾದಿ. ರತ್ನಾಕರನ ಮಾತು ಮೇಲಕ್ಕೆ ಹೋಗುತ್ತದೆ, ಅದು ಬಿನ್ನಹ. ವೇಮನನ ಮಾತು ತನ್ನ ಹೆಸರಿಗೇ ಮರಳುತ್ತದೆ. ಕಗ್ಗದ ಮಾತು ಪಕ್ಕದಲ್ಲಿ ಕುಳಿತ ಒಬ್ಬ ಮಂಕನಿಗೆ, ಎಂದರೆ ಹೇಳುವವನಿಗೂ ಕೇಳುವವನಿಗೂ ಸಮಾನವಾಗಿ ಸಲ್ಲುವ ಒಂದು ಹೆಸರಿಗೆ, ಹೋಗಿ ತಟ್ಟುತ್ತದೆ. ಅಂಥವನ ಮುಂದೆ ಹತ್ತು ಮಾತ್ರೆಯಲ್ಲಿ ತೀರ್ಮಾನ ಹೇಳಬೇಕಾದಾಗ ವಿಶೇಷಣಗಳಿಗೆ ಎಡೆಯಿಲ್ಲ. ಒಂದು ನಾಮಪದವನ್ನು ಇನ್ನೊಂದು ನಾಮಪದದ ಪಕ್ಕದಲ್ಲಿ ಇಟ್ಟು ಬಿಡಬೇಕು, ಇಲ್ಲವೇ ಒಂದು ವಿಧಿರೂಪದ ಕ್ರಿಯಾಪದದಲ್ಲಿ ಮುಗಿಸಬೇಕು. ಕಗ್ಗದ ಅಂತ್ಯಗಳಲ್ಲಿ ಬಹುಪಾಲು ಈ ಎರಡು ಬಗೆಯವೇ.

ಹೀಗೆ ಸಾವಿರದ ಹತ್ತಿರ ಹತ್ತಿರ ಬಾರಿ ಹತ್ತು ಮಾತ್ರೆಯಲ್ಲಿ ಮಾತು ಮುಗಿಸಿ ಪಳಗಿದ ಕೈ ಗದ್ಯಕ್ಕೆ ಬಂದಾಗ ಏನು ಮಾಡುತ್ತದೆ? ಉತ್ತರ ಹೇಳುವ ಮೊದಲು ಕಾಲಕ್ರಮವನ್ನು ನೋಡಬೇಕು. ಇಲ್ಲದಿದ್ದರೆ ವಾದ ತಲೆಕೆಳಗಾಗುತ್ತದೆ. ಗುಂಡಪ್ಪನವರ ಗದ್ಯ ಸರಳವಾಗಿರುವುದು ಅವರು ಪತ್ರಕರ್ತರಾಗಿದ್ದುದರಿಂದ ಎಂಬ ಅಭಿಪ್ರಾಯ ಬಲವಾಗಿದೆ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಇಪ್ಪತ್ತರ ಹರೆಯದಲ್ಲಿಯೇ ಅವರು ಪತ್ರಿಕೆಗಳಿಗೆ ಬರೆಯತೊಡಗಿದರು. ಆದರೆ ೧೯೧೩ರಲ್ಲಿ ಅವರು ಆರಂಭಿಸಿ ಹೆಸರು ಪಡೆದ ‘ಕರ್ಣಾಟಕ’ ಪತ್ರಿಕೆ ಇಂಗ್ಲಿಷಿನದು. ಇಂಗ್ಲಿಷ್ ಅಂಕಣದ ಅಭ್ಯಾಸ ವಿಷಯವನ್ನು ವಿಂಗಡಿಸುವುದನ್ನು, ಪಕ್ಷ ಪ್ರತಿಪಕ್ಷಗಳನ್ನು ತೂಗುವುದನ್ನು ಕಲಿಸಬಹುದು; ಕನ್ನಡ ವಾಕ್ಯ ಎಲ್ಲಿ ನಿಲ್ಲಬೇಕೆಂಬುದನ್ನು ಕಲಿಸಲಾರದು. ಕ್ರಿಯಾಪದ ಕೊನೆಗೆ ಬರುವ ಭಾಷೆಯ ನಿಲುಗಡೆ ಬೇರೆಯೇ. ೧೯೨೨ರಲ್ಲಿ ವಸಂತಕುಸುಮಾಂಜಲಿ ಬಂದಿತು. ಅನಂತರ ಉಮರ್ ಖಯ್ಯಾಮನ ಚೌಪದಿಗಳನ್ನು ಅವರು ಉಮರನ ಒಸಗೆಯಾಗಿ ಕನ್ನಡಿಸಿದರು. ನಾಲ್ಕು ಸಾಲಿನಲ್ಲಿ ಒಂದು ಲೋಕವನ್ನು ಮುಗಿಸುವ ಅಭ್ಯಾಸಕ್ಕೆ ಅದೊಂದು ಗರಡಿ. ಬಳಿಕ ಕಗ್ಗ. ಎಂಟು ಸಂಪುಟಗಳ ಜ್ಞಾಪಕಚಿತ್ರಶಾಲೆ ಗ್ರಂಥರೂಪಕ್ಕೆ ಬಂದದ್ದು ಇದೆಲ್ಲ ಆದ ಮೇಲೆ, ಬಾಳಿನ ಕೊನೆಯ ಘಟ್ಟದಲ್ಲಿ. ಕಾಲಕ್ರಮವು ಪದ್ಯದ ಪ್ರಭಾವಕ್ಕೆ ಅಡ್ಡ ಬರುವುದಿಲ್ಲ. ಮುಂಚೆ ಬಂದದ್ದೇ ಕಾರಣವೆಂದು ಹೇಳುವುದು ತರ್ಕದೋಷವಾದ್ದರಿಂದ ಒಳಸಾಕ್ಷ್ಯವನ್ನು ನೋಡಬೇಕು.

ಮೊದಲು ಕಣ್ಣಿಗೆ ಬೀಳುವುದು ಒಂದು ಅಭಾವ. ಕಗ್ಗದ ಶಬ್ದಸಂಪತ್ತಿನಲ್ಲಿ ಹಳಗನ್ನಡದ ಬಿಂದ್ವಂತ ರೂಪಗಳಿವೆ, ಪ್ರಾಸಕ್ಕಾಗಿ ಹುಡುಕಿದ ತದ್ಭವಗಳಿವೆ, ಛಂದಸ್ಸಿಗಾಗಿ ಬಗ್ಗಿಸಿದ ವಿಭಕ್ತಿಗಳಿವೆ. ಇವು ಯಾವುವೂ ಜ್ಞಾಪಕಚಿತ್ರಶಾಲೆಯ ಗದ್ಯಕ್ಕೆ ಬರಲಿಲ್ಲ. ವೀಣೆ ಶೇಷಣ್ಣನವರನ್ನು ಕುರಿತೋ ಹಾನಗಲ್ಲು ವಿರೂಪಾಕ್ಷ ಶಾಸ್ತ್ರಿಗಳನ್ನು ಕುರಿತೋ ಬರೆಯುವಾಗ ಅವರ ಮಾತು ಹಳೆಯ ಮೈಸೂರಿನ ಮನೆಮಾತು. ಬೇಕಾದಲ್ಲಿ ಸಂಸ್ಕೃತ, ಬೇಕಾದಲ್ಲಿ ಕಚೇರಿಯ ಪಾರಸಿ ಶಬ್ದ. ಪದ್ಯದಿಂದ ಗದ್ಯಕ್ಕೆ ದಾಟಿದ್ದು ಶಬ್ದವಲ್ಲ. ಪ್ರಾಸವೂ ಅಲ್ಲ. ಕವಿಗಳ ಗದ್ಯವನ್ನು ಹೊಗಳುವವರು ಅದರಲ್ಲಿ ಅನುಪ್ರಾಸವನ್ನೂ ಉಪಮೆಯನ್ನೂ ಎಣಿಸತೊಡಗುವುದು ವಾಡಿಕೆ. ಈ ಎಣಿಕೆಯಿಂದ ಗುಂಡಪ್ಪನವರ ವಿಷಯದಲ್ಲಿ ದೊರೆಯುವುದು ಅತ್ಯಲ್ಪ.

ದಾಟಿದ್ದು ನಿಲುಗಡೆಯ ಸ್ಥಾನ. ವ್ಯಕ್ತಿಚಿತ್ರಗಳಲ್ಲಿ ಪ್ಯಾರಾಗಳು ಚಿಕ್ಕವು. ಒಂದು ಸಂದರ್ಭ, ಅದರೊಳಗೆ ಎರಡು ಮೂರು ಮಾತಿನ ಸಂಭಾಷಣೆ, ಆಮೇಲೆ ಒಂದು ಕಿರುವಾಕ್ಯ. ಈ ಕಿರುವಾಕ್ಯ ಹಿಂದಿನದರ ಸಾರಾಂಶವಲ್ಲ. ಹಿಂದಿನದನ್ನು ಬೇರೊಂದು ಬೆಳಕಿನಲ್ಲಿ ನಿಲ್ಲಿಸುವಂಥದು. ಕಗ್ಗದ ಕೊನೆಯ ಹತ್ತು ಮಾತ್ರೆ ಮಾಡುವ ಕೆಲಸವೇ ಇದು. ಮಂಕುತಿಮ್ಮನ ಹೆಸರು ಗದ್ಯದಲ್ಲಿ ಇಲ್ಲದಿದ್ದರೂ ಅವನು ಕುಳಿತಿದ್ದ ಜಾಗ ಹಾಗೆಯೇ ಇದೆ. ಓದುಗನು ಅಲ್ಲಿ ಹೋಗಿ ಕುಳಿತುಕೊಳ್ಳುತ್ತಾನೆ.

ಈ ವ್ಯತ್ಯಾಸವನ್ನು ಗ್ರಂಥದಿಂದ ಎತ್ತಿ ತೋರಿಸುವುದಕ್ಕಿಂತ ಒಂದು ಕಲ್ಪಿತ ವಾಕ್ಯದಿಂದ ತೋರಿಸುವುದು ಸುಲಭ. ಕೋಲಾರ ಸೀಮೆಯ ಯಾವುದೋ ಕೆರೆಯ ವಿಷಯವಾಗಿ ಶ್ಯಾನುಭೋಗರ ವರದಿ ಹೀಗಿರುತ್ತಿತ್ತೆನ್ನೋಣ: ‘ಸದರಿ ಗ್ರಾಮಕ್ಕೆ ಸೇರಿದ ಕೆರೆಯ ಏರಿಯು ಅತಿವೃಷ್ಟಿಯಿಂದ ಒಡೆದು, ಅಚ್ಚುಕಟ್ಟಿನಲ್ಲಿ ನಿಂತಿದ್ದ ಪೈರು ಕೊಚ್ಚಿಹೋಗಿ ನಷ್ಟವಾಗಿರುವುದಾಗಿಯೂ, ಕಂದಾಯವನ್ನು ಮಾತ್ರ ಎಂದಿನಂತೆ ವಸೂಲು ಮಾಡಲಾಗುತ್ತಿರುವುದಾಗಿಯೂ ರೈತರು ಅರಿಕೆ ಮಾಡಿಕೊಂಡಿರುತ್ತಾರೆ.’ ಇದರಲ್ಲಿ ತಪ್ಪೇನೂ ಇಲ್ಲ. ವಡ್ಡಾರಾಧನೆಯ ಕಾಲದಿಂದ ಬಂದ ಕನ್ನಡ ಗದ್ಯದ ಸಹಜ ಜಾಡು ಇದೇ. ಕೃದಂತಗಳ ಸರಪಣಿ, ಕೊನೆಯಲ್ಲಿ ಒಂದು ಕ್ರಿಯಾಪದ. ಮುಕ್ತಕದಲ್ಲಿ ಪಳಗಿದ ಕೈ ಇದನ್ನೇ ಹೀಗೆ ಬರೆದೀತು: ‘ಕೆರೆ ಒಡೆಯಿತು. ಪೈರು ಹೋಯಿತು. ಕಂದಾಯ ಉಳಿಯಿತು.’ ಇಲ್ಲಿ ಮಾತು ಕಡಮೆಯಾದದ್ದು ಮುಖ್ಯವಲ್ಲ. ಸರಪಣಿಯಲ್ಲಿ ಮೂರು ಸಂಗತಿಗಳೂ ಅರಿಕೆಯೆಂಬ ಒಂದೇ ಕ್ರಿಯೆಯ ಕೆಳಗೆ ಸಮನಾಗಿ ಬಿದ್ದುಕೊಂಡಿದ್ದವು. ಎರಡನೆಯ ರೀತಿಯಲ್ಲಿ ಒಂದೊಂದಕ್ಕೂ ಅದರದೇ ಕ್ರಿಯಾಪದ ದೊರೆತು, ‘ಉಳಿಯಿತು’ ಎಂಬುದರ ಮೇಲೆ ಇಡೀ ಭಾರ ಬಂದು ಕುಳಿತಿತು. ಕ್ರಿಯಾಪದಕ್ಕೆ ಸ್ವಾತಂತ್ರ್ಯ ಕೊಡುವುದನ್ನೂ ಭಾರವನ್ನು ಕೊನೆಗೆ ಕಾದಿರಿಸುವುದನ್ನೂ ಮಾತ್ರೆಯ ಲೆಕ್ಕ ಕಲಿಸುತ್ತದೆ, ವ್ಯಾಕರಣ ಕಲಿಸುವುದಿಲ್ಲ.

ಇನ್ನೊಂದು ಸಂಗತಿ. ಮುಕ್ತಕವನ್ನು ತಿದ್ದುವ ಬಗೆ ಗದ್ಯವನ್ನು ತಿದ್ದುವ ಬಗೆಗಿಂತ ಬೇರೆ. ಗದ್ಯದಲ್ಲಿ ಒಂದು ಮಾತು ಹೊಂದದಿದ್ದರೆ ಇನ್ನೊಂದು ಮಾತು ಸೇರಿಸಿ ಸರಿಮಾಡಬಹುದು. ಮುಕ್ತಕದಲ್ಲಿ ಸೇರಿಸಲು ಜಾಗವಿಲ್ಲ. ಮಾತನ್ನು ಬದಲಾಯಿಸಬೇಕು, ಇಲ್ಲವೇ ವಿಚಾರವನ್ನೇ ಬದಲಾಯಿಸಬೇಕು. ಪ್ರಾಸಾಕ್ಷರವೊಂದು ಮೊದಲ ಪಾದದಲ್ಲಿ ಗೊತ್ತಾದ ಮೇಲೆ ಉಳಿದ ಮೂರು ಪಾದಗಳು ಹೊರಡುವ ಪದಗಳು ಅದಕ್ಕೆ ಅಧೀನ. ಈ ಇಕ್ಕಟ್ಟಿನಲ್ಲಿ ಪರ್ಯಾಯಪದಗಳನ್ನು ಒಂದೊಂದಾಗಿ ತೂಗಿ ನೋಡಿದವನಿಗೆ ಪರ್ಯಾಯವೆಂಬುದು ಇಲ್ಲವೆಂದು ಬೇಗ ತಿಳಿಯುತ್ತದೆ. ಮೈಸೂರಿನ ದಿವಾನರನ್ನು ಕುರಿತ ಸಂಪುಟದಲ್ಲಿ ದಾಕ್ಷಿಣ್ಯ, ಸೌಜನ್ಯ, ಮರ್ಯಾದೆ, ವಿನಯ ಎಂಬ ಮಾತುಗಳನ್ನು ಗುಂಡಪ್ಪನವರು ಒಂದರ ಬದಲು ಇನ್ನೊಂದನ್ನು ಇಡದೆ, ಒಬ್ಬೊಬ್ಬರಿಗೆ ಒಂದೊಂದನ್ನು ಅಳೆದು ಕೊಡುವಂತೆ ಬಳಸುವುದನ್ನು ಓದುಗರು ಕಾಣಬಹುದು.

ಪ್ರತಿಪಕ್ಷವೂ ಇದೆ. ಭಗವದ್ಗೀತೆಯನ್ನು ಕುರಿತ ಜೀವನಧರ್ಮಯೋಗಕ್ಕೆ ೧೯೬೭ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅದು ಕಗ್ಗ ಪ್ರಕಟವಾಗಿ ಎರಡು ದಶಕ ಕಳೆದ ಮೇಲಿನ ಗ್ರಂಥ. ಆದರೆ ಅದರ ಗದ್ಯ ಜ್ಞಾಪಕಚಿತ್ರಶಾಲೆಯ ಗದ್ಯದಂತಿಲ್ಲ. ಮಾತು ಹಿಂದಿರುಗಿ ಬರುತ್ತದೆ, ಒಂದೇ ಅಭಿಪ್ರಾಯ ಎರಡು ಮೂರು ದೃಷ್ಟಾಂತಗಳನ್ನು ಎತ್ತಿಕೊಳ್ಳುತ್ತದೆ, ಪೂರ್ವಪಕ್ಷಕ್ಕೆ ಬಿಡುವಾಗಿ ಉತ್ತರ ದೊರೆಯುತ್ತದೆ. ಅದು ಉಪನ್ಯಾಸಗಳಿಂದ ಬೆಳೆದ ಗ್ರಂಥ. ಎದುರಿಗೆ ಸಭೆಯಿದ್ದಾಗ ಹತ್ತು ಮಾತ್ರೆಯ ನಿಲುಗಡೆ ನಡೆಯುವುದಿಲ್ಲ. ಇದರಿಂದ ತಿಳಿಯುವುದೇನೆಂದರೆ, ಪದ್ಯದ ಶಿಸ್ತು ಗದ್ಯಕ್ಕೆ ತಾನಾಗಿ ಹರಿಯುವ ನೀರಲ್ಲ. ಬರೆಯುವ ಸಂದರ್ಭ ತೂಬೆತ್ತಿದಲ್ಲಿ ಮಾತ್ರ ಹರಿಯುತ್ತದೆ. ನೆನಪಿನ ಗದ್ಯ ತೂಬೆತ್ತಿತು, ಶಾಸ್ತ್ರದ ಗದ್ಯ ಎತ್ತಲಿಲ್ಲ. ಕೇಶಿರಾಜನಲ್ಲಿ ಶಾಸ್ತ್ರಗದ್ಯವೇ ಬಿಗಿಯಾಗಿದೆಯಲ್ಲ ಎಂದರೆ, ಅಲ್ಲಿ ಸೂತ್ರವೂ ಅವನದೇ. ಬಿಡಿಸಬೇಕಾದ ಗಂಟನ್ನು ಹಾಕಿದವನೇ ಅವನು. ಗೀತೆಯ ಶ್ಲೋಕ ಗುಂಡಪ್ಪನವರದಲ್ಲ. ಅಲ್ಲಿ ಅವರ ಸ್ಥಾನ ವಡ್ಡಾರಾಧನಾಕಾರನ ಸ್ಥಾನ.

ಅದೇ ಜಿಲ್ಲೆಯ ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರನ್ನು (೧೮೯೧–೧೯೮೬) ಇಲ್ಲಿ ಎದುರಿಟ್ಟು ನೋಡದೆ ವಿಚಾರ ಪೂರ್ಣವಾಗದು. ಅವರೂ ಬಿಡಿಗವನಗಳನ್ನು ಬರೆದರು. ೧೯೨೨ರ ಬಿನ್ನಹ, ಅನಂತರದ ಅರುಣ, ಆಮೇಲೆ ಸುನೀತಗಳು. ಅವರ ಗದ್ಯವೂ ಮಿತವಾದದ್ದು, ಶಾಂತವಾದದ್ದು. ಆದರೆ ಅವರಲ್ಲಿ ಪ್ರಭಾವ ಹರಿದ ದಿಕ್ಕು ತಿರುಗುಮುರುಗು. ಕೆಲವು ಸಣ್ಣ ಕಥೆಗಳು ೧೯೨೦ರಲ್ಲಿಯೇ ಬಂದಾಗಿತ್ತು. ಕಥೆ ಹೇಳುವ ಆ ಗದ್ಯದ ನಡೆಯೇ ಅವರ ಪದ್ಯಕ್ಕೆ ಹೋಯಿತು. ಮಾಸ್ತಿಯವರ ಪದ್ಯ ಗದ್ಯದಂತಿದೆಯೆಂದು ಆಕ್ಷೇಪಿಸಿದವರು ಅದನ್ನು ದೋಷವೆಂದು ಎಣಿಸಿದರು, ಕುಲಧರ್ಮವೆಂದು ಕಾಣಲಿಲ್ಲ. ಅವರ ಗದ್ಯದಲ್ಲಿ ಕೊನೆಯ ವಾಕ್ಯಕ್ಕೆ ವಿಶೇಷ ಭಾರವಿಲ್ಲ. ಕಥೆ ಮುಗಿಯುತ್ತದೆ, ಮಾತು ನಿಲ್ಲುತ್ತದೆ, ಅಷ್ಟೆ. ಗುಂಡಪ್ಪನವರ ಗದ್ಯದ ಪಕ್ಕದಲ್ಲಿ ಇದನ್ನು ಓದಿದಾಗ ಕಗ್ಗದ ಗುರುತು ಯಾವುದೆಂಬುದು ಇನ್ನಷ್ಟು ಸ್ಪಷ್ಟವಾಗುತ್ತದೆ. ಹೊರಗಿನವರಲ್ಲಿ ಜಪಾನಿನ ಬಾಶೋ (೧೬೪೪–೧೬೯೪) ಹದಿನೇಳು ಮಾತ್ರೆಯ ಕಿರುಪದ್ಯಗಳನ್ನು ಬರೆದವನು. ತನ್ನ ಯಾತ್ರೆಯ ದಿನಚರಿಯನ್ನು ಗದ್ಯಪದ್ಯಗಳನ್ನು ಹೆಣೆದು ಬರೆದಾಗ ಅವನ ಗದ್ಯವೂ ಅದೇ ಮಿತಿಗೆ ಒಗ್ಗಿತೆಂದು ಆ ಭಾಷೆಯ ವಿಮರ್ಶಕರು ಒಪ್ಪಿದ್ದಾರೆ. ನಮ್ಮ ಚಂಪುವಿಗೆ ಹೊರನೋಟಕ್ಕೆ ಹೋಲುವ ಆ ಪ್ರಕಾರ ಒಳಗಿನಿಂದ ಚಂಪುವಿಗೆ ತೀರ ವಿರುದ್ಧವಾದದ್ದು.

ಗುಣವನ್ನು ಹೇಳಿದ ಮೇಲೆ ದೋಷವನ್ನೂ ಹೇಳಬೇಕು. ಮುಕ್ತಕಕ್ಕೆ ಒಪ್ಪುವುದೆಲ್ಲ ಗದ್ಯಕ್ಕೆ ಒಪ್ಪುವುದಿಲ್ಲ. ಕಗ್ಗದ ಕೊನೆಯ ಮಾತಿ‌ಗೆ ಆಧಾರ ಕೇಳುವವರಿಲ್ಲ, ಅದು ಸೂಕ್ತಿ. ವ್ಯಕ್ತಿಚಿತ್ರದ ಕೊನೆಯಲ್ಲಿ ಅಂಥದೇ ಕಿರುವಾಕ್ಯ ಬಂದಾಗ ಚಿತ್ರಿತನಾದ ಮನುಷ್ಯ ಒಂದು ಗುಣದ ದೃಷ್ಟಾಂತವಾಗಿ ಉಳಿದುಬಿಡುತ್ತಾನೆ. ಜ್ಞಾಪಕಚಿತ್ರಶಾಲೆಯ ಅನೇಕ ಸಜ್ಜನರು ಒಬ್ಬರಿಗಿಂತ ಒಬ್ಬರು ಬೇರೆಯಾಗಿ ಆರಂಭವಾಗಿ, ಮುಗಿಯುವ ವೇಳೆಗೆ ಒಬ್ಬರಂತೆ ಇನ್ನೊಬ್ಬರು ಕಾಣತೊಡಗುತ್ತಾರೆ. ಅವರ ಬಾಳಿನಲ್ಲಿ ಗುಣಕ್ಕೆ ಒಗ್ಗದ ಸಂಗತಿಗಳು ಇದ್ದೇ ಇದ್ದಿರಬೇಕು. ಹತ್ತು ಮಾತ್ರೆಯ ಬಾಗಿಲಲ್ಲಿ ಅವು ಹೊರಗುಳಿದವು. ಆಡಳಿತದ ಇತಿಹಾಸಕ್ಕೆ ದಿವಾನರ ಸಂಪುಟವನ್ನು ಆಕರವಾಗಿ ಬಳಸುವವರು ಈ ಬಾಗಿಲ ಅಗಲವನ್ನು ಮೊದಲು ಅಳೆದುಕೊಳ್ಳುವುದು ಕ್ಷೇಮ.

ಈ ದೋಷ ಸಂಶೋಧನ ಗದ್ಯಕ್ಕೆ ಬಂದರೆ ಕೆಡುಕು ಹೆಚ್ಚು. ಕವಿಯ ಕಾಲ, ಗ್ರಂಥದ ಕರ್ತೃತ್ವ, ಪಾಠದ ಶುದ್ಧಿ ಮೊದಲಾದವನ್ನು ಚರ್ಚಿಸುವ ಲೇಖನಗಳಲ್ಲಿ ಪ್ರಮಾಣ ಮುಗಿದ ಕಡೆ ಒಂದು ಸುಭಾಷಿತವನ್ನಿಟ್ಟು ಕೈತೊಳೆದುಕೊಳ್ಳುವ ಪದ್ಧತಿ ಪಂಡಿತರಲ್ಲಿ ಇಲ್ಲದಿಲ್ಲ. ಸುಭಾಷಿತದ ಗಾಂಭೀರ್ಯ ಪ್ರಮಾಣದ ಕೊರತೆಯನ್ನು ಮುಚ್ಚುತ್ತದೆ. ಇನ್ನು ತಾತ್ಪರ್ಯಗಳ ವಿಷಯ. ಶತಕಗಳಿಗೂ ಆರಾಧನಾ ಗ್ರಂಥಗಳಿಗೂ ಹೊಸಗನ್ನಡದಲ್ಲಿ ಬರೆದ ತಾತ್ಪರ್ಯಗಳು ಮೂಲದ ಒಂದು ಪದ್ಯಕ್ಕೆ ಒಂದೇ ವಾಕ್ಯವೆಂಬ ಹಠದಿಂದ ಎಂಟು ಹತ್ತು ಸಾಲು ಬೆಳೆಯುತ್ತವೆ. ಓದುಗನು ಕ್ರಿಯಾಪದಕ್ಕೆ ತಲುಪುವ ಹೊತ್ತಿಗೆ ಕರ್ತೃಪದವನ್ನು ಮರೆತಿರುತ್ತಾನೆ. ಹಿಂದಿನ ಪಾಠಶಾಲೆಗಳಲ್ಲಿ ವಿದ್ಯಾರ್ಥಿ ಸಮಸ್ಯಾಪೂರ್ತಿ ಮಾಡುತ್ತಿದ್ದ, ಕಂದ ಕಟ್ಟುತ್ತಿದ್ದ. ಆರನೆಯ ಗಣ ಜಗಣವೋ ಸರ್ವಲಘುವೋ ಆಗಬೇಕೆಂದು, ಬೆಸಸ್ಥಾನದಲ್ಲಿ ಜಗಣ ಬರಬಾರದೆಂದು ಬೆರಳೆಣಿಸಿ ಕಲಿಯುತ್ತಿದ್ದ. ಆ ಕಂದಗಳಲ್ಲಿ ನೂರಕ್ಕೆ ತೊಂಬತ್ತು ಕಾವ್ಯವಾಗುತ್ತಿರಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಈಗ ಪದ್ಯದ ಲಕ್ಷಣವನ್ನು ಬಲ್ಲವರು ಉಂಟು, ಪದ್ಯವನ್ನು ಕಟ್ಟಿ ಅಳಿಸಿದವರು ಕಡಮೆ. ತಾತ್ಪರ್ಯದ ಗದ್ಯ ಸಡಿಲವಾದುದಕ್ಕೆ ಇಂಗ್ಲಿಷನ್ನು ದೂರುವ ಮೊದಲು ಇದನ್ನು ಎಣಿಕೆಗೆ ತಂದುಕೊಳ್ಳಬೇಕು.

ಸಂಪಾದಕರಿಗೆ ಇದರಿಂದ ಒದಗುವ ಒಂದು ಪ್ರಾಯೋಗಿಕ ಪ್ರಶ್ನೆ ಉಳಿಯಿತು. ಓಲೆಯ ಗದ್ಯಕ್ಕೆ ವಿರಾಮಚಿಹ್ನೆಯನ್ನೂ ಪ್ಯಾರಾವಿಭಾಗವನ್ನೂ ಕೊಡುವವರು ಇಂದಿನವರು. ಡಿ. ಎಲ್. ನರಸಿಂಹಾಚಾರ್ಯರ ವಡ್ಡಾರಾಧನೆಯ ೧೯೪೯ರ ಆವೃತ್ತಿಯನ್ನು ಹಿಡಿದು ಓದುವವರಿಗೆ ಅಚ್ಚಿನ ಪುಟದಲ್ಲಿರುವ ಪ್ರತಿಯೊಂದು ನಿಲುಗಡೆಯೂ ಗ್ರಂಥಕರ್ತನದಲ್ಲ, ಸಂಪಾದಕರ ನಿರ್ಣಯವೆಂಬುದು ನೆನಪಿರಬೇಕು. ಸರಪಣಿಯ ಗದ್ಯದಲ್ಲಿ ಈ ನಿರ್ಣಯ ಸ್ವಲ್ಪ ಹಿಂದುಮುಂದಾದರೂ ಹಾನಿಯಿಲ್ಲ. ಕೃದಂತಗಳೇ ದಾರಿ ತೋರಿಸುತ್ತವೆ. ಕೇಶಿರಾಜನ ವೃತ್ತಿಯಂಥ ಗದ್ಯದಲ್ಲಿ ಒಂದು ನಿಲುಗಡೆ ತಪ್ಪಿದರೆ ಪ್ರಯೋಗವು ಬೇರೆ ಸೂತ್ರಕ್ಕೆ ಹೋಗಿ ಸೇರುತ್ತದೆ. ಗುಂಡಪ್ಪನವರ ಗದ್ಯದಲ್ಲಿ ನಿಲುಗಡೆಗಳು ಅವರವೇ. ಪುಟ ಉಳಿಸುವುದಕ್ಕಾಗಿ ಚಿಕ್ಕ ಪ್ಯಾರಾಗಳನ್ನು ಒಂದಕ್ಕೊಂದು ಕೂಡಿಸಿ ಅಚ್ಚುಹಾಕಿದರೆ ಕಿರುವಾಕ್ಯ ನಡುವೆ ಸಿಕ್ಕಿ ಬೀಳುತ್ತದೆ. ಒಂದಕ್ಷರವೂ ಬದಲಾಗದೆ ಪಾಠ ಕೆಡುತ್ತದೆ. ಅವರು ತೀರಿಕೊಂಡ ಮೇಲೆ, ೧೯೮೪ರಲ್ಲಿ, ಮರುಳಮುನಿಯನ ಕಗ್ಗ ಪ್ರಕಟವಾಯಿತು. ಅಲ್ಲಿಯೂ ಪದ್ಯ ನಾಲ್ಕು ಪಾದದ್ದೇ, ಅಂಕಿತವೂ ಕೊನೆಯಲ್ಲಿಯೇ. ‘ಮರುಳಮುನಿಯ’ ಎಂಬುದಕ್ಕೆ ಆರು ಮಾತ್ರೆ, ಮಂಕುತಿಮ್ಮನಿಗೆ ಇದ್ದಷ್ಟೇ.